ನೆಲ ನೋಡದೆ ಎತ್ತಿದರೆ ಪಲ್ಟಿ: ಉತ್ತರಹಳ್ಳಿಯ ಏರುತಗ್ಗಿನಲ್ಲಿ ಉದ್ದ ತೋಳಿನ ಯಂತ್ರ

ಉತ್ತರಹಳ್ಳಿಯಿಂದ ಕೆಂಗೇರಿಗೆ ಹೋಗುವ ರಸ್ತೆಯ ಆಚೀಚೆ ಎಲ್ಲಿ ತಿರುಗಿದರೂ ಒಂದಲ್ಲ ಒಂದು ಕಟ್ಟಡ ಏಳುತ್ತಲೇ ಇರುತ್ತದೆ. ಅಂಥದೊಂದು ಸೈಟಿನ ಮುಂದೆ ಮೊನ್ನೆ ಬೆಳಿಗ್ಗೆ ಎಂಟರ ಹೊತ್ತಿಗೆ ಸಣ್ಣದೊಂದು ಗುಂಪು ಸೇರಿತ್ತು. ಹಾಲು ತರಲು ಹೋದವರು, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಲು ಬಂದವರು, ಕೆಲಸವಿಲ್ಲದೆ ನಿಂತವರು, ಎಲ್ಲರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

ನೋಡುವಂಥದ್ದು ಏನಿತ್ತು? ಒಂದು ಹಳದಿ ಯಂತ್ರ. ಮುಂದೆ ಎರಡು ಕಬ್ಬಿಣದ ನಾಲಿಗೆ, ಮೈಮೇಲೆ ಮಲಗಿದ ಉದ್ದನೆಯ ತೋಳು, ಆನೆಯ ಕಾಲಿನಂಥ ನಾಲ್ಕು ಗಾಲಿ. ಮೂರನೇ ಅಂತಸ್ತಿಗೆ ಸಾಲಿಡ್ ಬ್ಲಾಕ್ ಏರಿಸಲು ಬಾಡಿಗೆಗೆ ಬಂದಿತ್ತು. ಆದರೆ ಯಂತ್ರ ಎತ್ತುತ್ತಿರಲಿಲ್ಲ. ಅದರ ಆಪರೇಟರ್ ಕೈಯಲ್ಲೊಂದು ಹಾರೆ ಹಿಡಿದು, ತಲೆ ತಗ್ಗಿಸಿ, ಹೆಜ್ಜೆಗೊಂದು ಸಲ ನೆಲಕ್ಕೆ ಚುಚ್ಚುತ್ತಾ ಸೈಟಿನ ಸುತ್ತ ನಡೆಯುತ್ತಿದ್ದ.

ಕಂಟ್ರಾಕ್ಟರಿಗೆ ತಾಳ್ಮೆ ತಪ್ಪಿತು. "ಏನಯ್ಯಾ, ನಿಧಿ ಹುಡುಕ್ತಾ ಇದ್ದೀಯಾ? ಬಾಡಿಗೆ ಗಂಟೆ ಲೆಕ್ಕ, ಗೊತ್ತು ತಾನೆ?"

"ನಿಧಿ ಅಲ್ಲ ಸಾರ್, ಗುಂಡಿ ಹುಡುಕ್ತಾ ಇದ್ದೀನಿ. ಈಗ್ಲೇ ಸಿಕ್ಕಿದ್ರೆ ಇಬ್ಬರಿಗೂ ಒಳ್ಳೇದು."

ಸಿಕ್ಕೇಬಿಟ್ಟಿತು! ಕಾಂಪೌಂಡಿನ ಪಕ್ಕ ಹಾರೆ ಬೆಣ್ಣೆಯೊಳಗೆ ಇಳಿದಂತೆ ಒಂದು ಮೊಳ ಇಳಿಯಿತು. ಮೇಸ್ತ್ರಿ ತಲೆ ಕೆರೆದುಕೊಂಡರು. "ಹೌದು ಕಣಣ್ಣ, ಹೋದ ತಿಂಗಳು ಅಲ್ಲಿ ಒಳಚರಂಡಿ ಪೈಪಿಗೆ ತೋಡಿದ್ವಿ. ಆಮೇಲೆ ಮೇಲ್ಗಡೆ ಮಣ್ಣು ಎಳೆದುಬಿಟ್ವಿ."

ಸರಿ, ಯಂತ್ರವನ್ನು ಅಲ್ಲಿಂದ ಹಿಂದಕ್ಕೆ ತಂದು, ಬಂಡೆ ಇರುವ ಕಡೆ ನಿಲ್ಲಿಸಿ, ಮುಂಗಾಲಿನ ಅಡಿಗೆ ದಪ್ಪ ಮರದ ಹಲಗೆ ಹಾಸಿ ಕೆಲಸ ಶುರು ಮಾಡುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು. ಕಂಟ್ರಾಕ್ಟರ್ ಗೊಣಗಿದರು. ಗುಂಪು ಕರಗಿತು. ಈ ಅಂಕಣಕಾರ ಮಾತ್ರ ಆಪರೇಟರನ ಜೊತೆ ಒಂದು ಲೋಟ ಟೀ ಕುಡಿದು ಕೂತ. ಅಲ್ಲಿ ಕೇಳಿದ್ದು, ಆಮೇಲೆ ವಿಚಾರಿಸಿ ತಿಳಿದದ್ದು, ಎರಡನ್ನೂ ಸೇರಿಸಿ ಓದುಗರ ಮುಂದೆ ಇಡುತ್ತಿದ್ದೇವೆ.

ಇದು ಹೈಡ್ರಾ ಅಲ್ಲ

ನಮ್ಮ ಜನಕ್ಕೆ ಮಣ್ಣು ಅಗೆಯುವುದೆಲ್ಲ ಜೆಸಿಬಿ, ಎತ್ತುವುದೆಲ್ಲ ಹೈಡ್ರಾ. ಇದು ಎರಡೂ ಅಲ್ಲ. ಹೆಸರು ಟೆಲಿಹ್ಯಾಂಡ್ಲರ್. ಗೋಡೌನಿನಲ್ಲಿ ಮೂಟೆ ಎತ್ತುವ ಫೋರ್ಕ್‌ಲಿಫ್ಟ್ ಇದೆಯಲ್ಲ, ಅದಕ್ಕೆ ರೇಡಿಯೋ ಏರಿಯಲ್‌ನಂತೆ ಒಂದರೊಳಗೊಂದು ಸೇರಿ ಚಾಚಿಕೊಳ್ಳುವ ತೋಳು ಕೊಟ್ಟರೆ ಆಗುವುದು ಇದು. ಬ್ರಿಟನ್ನಿನ ಜೆಸಿಬಿ ಕಂಪನಿ 1977ರಲ್ಲೇ 'ಲೋಡಾಲ್' ಎಂಬ ಹೆಸರಿನಲ್ಲಿ ಇಂಥ ಯಂತ್ರ ಹೊರತಂದಿತು. ಅದೇ ಕಂಪನಿ 1979ರಲ್ಲಿ ಭಾರತಕ್ಕೆ ಕಾಲಿಟ್ಟು, ಅದರ ಅಗೆಯುವ ಯಂತ್ರ ಮನೆಮಾತಾಯಿತು. ಈ ಉದ್ದ ತೋಳಿನದ್ದು ಮಾತ್ರ ನಮ್ಮ ಬಡಾವಣೆಗಳಿಗೆ ಈಚೆಗೆ ಬರುತ್ತಿರುವ ನೆಂಟ.

ನೆಂಟನ ಗುಣ ಗೊತ್ತಿಲ್ಲದೆ ಮನೆಯೊಳಗೆ ಬಿಟ್ಟುಕೊಂಡರೆ ಕಷ್ಟ. ಗೋಡೌನಿನ ಫೋರ್ಕ್‌ಲಿಫ್ಟ್ ಓಡುವುದು ಸಿಮೆಂಟ್ ನೆಲದ ಮೇಲೆ. ಇದನ್ನು ಮಾಡಿರುವುದೇ ಹಳ್ಳ ದಿಣ್ಣೆಗೆ. ದೊಡ್ಡ ಗಾಲಿ, ನಾಲ್ಕಕ್ಕೂ ಎಂಜಿನ್ನಿನ ಬಲ. ಆದ್ದರಿಂದಲೇ "ಎಲ್ಲಿ ಬೇಕಾದ್ರೂ ಹೋಗುತ್ತೆ, ಏನ್ ಬೇಕಾದ್ರೂ ಎತ್ತುತ್ತೆ" ಎಂಬ ಭ್ರಮೆ ಹುಟ್ಟುವುದು. ಹೋಗುವುದೇನೋ ಹೋಗುತ್ತದೆ. ಹೋದ ಕಡೆಯೆಲ್ಲ ಎತ್ತಲು ಆಗುವುದಿಲ್ಲ ಸ್ವಾಮಿ, ವಿಷಯ ಇರುವುದೇ ಅಲ್ಲಿ.

ಉತ್ತರಹಳ್ಳಿಯ ನೆಲ ಎಂಥದು?

ಹೆಸರಿಗೆ ಹಳ್ಳಿ. 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ಇದೇ ಹೆಸರಿನ ವಿಧಾನಸಭಾ ಕ್ಷೇತ್ರವೇ ಇತ್ತು. ಈಗ ಅತ್ತ ಚಿಕ್ಕಲ್ಲಸಂದ್ರ, ಇತ್ತ ಸುಬ್ರಹ್ಮಣ್ಯಪುರ, ವಸಂತಪುರ, ಎಲ್ಲ ಕಡೆಯಿಂದಲೂ ಮನೆಗಳು ಬಂದು ಒತ್ತಿಕೊಂಡಿವೆ. ಮೇಲಿನದ್ದು ಬದಲಾಯಿತು, ಕೆಳಗಿನ ನೆಲ ಬದಲಾಗಲಿಲ್ಲ.

ತುರಹಳ್ಳಿ ಕಾಡಿನ ಕಡೆ ಹೋಗಿ ನೋಡಿ, ಗುಂಡು ಗುಂಡಾಗಿ ಕೂತ ಬಂಡೆಗಳು. ಅದೇ ಬಂಡೆಯ ಬೆನ್ನು ಇತ್ತ ಸೈಟುಗಳ ಅಡಿಯಲ್ಲೂ ಅಲ್ಲಲ್ಲಿ ತಲೆ ಎತ್ತುತ್ತದೆ. ಹತ್ತು ಹೆಜ್ಜೆ ಆಚೆ ಕೆಂಪು ಮಣ್ಣು. ಇನ್ನೂ ಹತ್ತು ಹೆಜ್ಜೆ ಕೆರೆ ಕಡೆಗೆ ಇಳಿದರೆ ಹಿಂದೆ ಗದ್ದೆಯೋ ಕಾಲುವೆಯೋ ಆಗಿದ್ದ ಜಾಗ. ಅಲ್ಲಿ ಒಡೆದ ಮನೆಗಳ ಇಟ್ಟಿಗೆ ಚೂರು, ಮಣ್ಣು ತಂದು ಸುರಿದು ಮಟ್ಟ ಮಾಡಿರುತ್ತಾರೆ. ಕಣ್ಣಿಗೆ ಎಲ್ಲವೂ ಒಂದೇ ಮಟ್ಟ. ಭಾರ ಬಿದ್ದಾಗ ಬಣ್ಣ ಬಯಲು.

ಇದು ಸಾಲದೆಂಬಂತೆ ನಮ್ಮೂರಿನ ವಿಶೇಷ ಒಂದಿದೆ, ಸಂಪು. ಬೆಂಗಳೂರಿನಲ್ಲಿ ಮನೆ ಎಂದರೆ ಗೇಟಿನ ಹತ್ತಿರವೇ ನೆಲದೊಳಗೆ ನೀರಿನ ತೊಟ್ಟಿ. ಅದರ ಮೇಲೊಂದು ಚಪ್ಪಡಿ. ಕಾರು ನಿಲ್ಲಿಸಲು ಹಾಕಿದ ಚಪ್ಪಡಿಯ ಮೇಲೆ ಹತ್ತಾರು ಟನ್ನಿನ ಯಂತ್ರದ ಗಾಲಿ ಬಂದರೆ ಏನಾದೀತು? ಇಂಗುಗುಂಡಿ, ಹಳೆಯ ಬಾವಿ, ಒಳಚರಂಡಿಯ ಮ್ಯಾನ್‌ಹೋಲ್, ರಾಜಕಾಲುವೆಯ ಮೇಲಿನ ಕಲ್ಲುಚಪ್ಪಡಿ, ಇವೆಲ್ಲ ಅದೇ ಜಾತಿ. ಪಕ್ಕದ ಸೈಟಿನಲ್ಲಿ ಪಾಯ ತೋಡಿದ್ದರೆ ಆ ಅಂಚಿನಿಂದಲೂ ದೂರ ಇರಬೇಕು. ತೋಡಿದ್ದು ಎಂಟಡಿ ಆಳವಿದ್ದರೆ ಕನಿಷ್ಠ ಎಂಟಡಿ ಹಿಂದಿರಬೇಕು ಎಂಬುದು ಈ ಕಸುಬಿನವರ ಸರಳ ಲೆಕ್ಕ. ಮಣ್ಣು ಸಡಿಲವಿದ್ದರೆ ಇನ್ನೂ ಹಿಂದೆ.

ಬಿಂದಿಗೆಯ ಲೆಕ್ಕ

ನೀರು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಅರ್ಧ ಮೈಲಿ ನಡೆಯಬಹುದು. ಅದೇ ಬಿಂದಿಗೆಯನ್ನು ತೋಳು ಚಾಚಿ ಹಿಡಿಯಿರಿ ನೋಡೋಣ. ಬಿಂದಿಗೆ ಅದೇ, ತೂಕ ಅದೇ, ಆದರೆ ಮೈ ಮುಂದಕ್ಕೆ ಬಾಗುತ್ತದೆ. ಯಂತ್ರದ ಕತೆಯೂ ಇಷ್ಟೇ.

ಆರಿಂಚಿನ ಸಾಲಿಡ್ ಬ್ಲಾಕ್ ಒಂದಕ್ಕೆ ಸುಮಾರು 25 ಕಿಲೋ. ನಲವತ್ತು ಬ್ಲಾಕ್ ಇಟ್ಟರೆ ಒಂದು ಟನ್. ಆ ಒಂದು ಟನ್ ಮುಂದಿನ ಗಾಲಿಯಿಂದ ಎರಡು ಮೀಟರ್ ದೂರದಲ್ಲಿದ್ದಾಗ ಯಂತ್ರವನ್ನು ಮುಂದಕ್ಕೆ ಎಳೆಯುವ ಬಲಕ್ಕಿಂತ, ಎಂಟು ಮೀಟರ್ ದೂರ ಚಾಚಿದಾಗ ಎಳೆಯುವ ಬಲ ನಾಲ್ಕು ಪಟ್ಟು. ತೋಳಿನ ಸ್ವಂತ ತೂಕವೂ ಅದರ ಜೊತೆ ಮುಂದೆ ಹೋಗುತ್ತದೆ. ಯಂತ್ರದ ಮೈಮೇಲೆ "4 ಟನ್" ಎಂದು ಬರೆದಿದ್ದರೆ ಅದು ತೋಳು ಒಳಗಿದ್ದಾಗಿನ ಮಾತು. ಪೂರ್ತಿ ಚಾಚಿದಾಗ ಅದರ ಒಂದು ಸಣ್ಣ ಪಾಲು ಮಾತ್ರ. ಎಷ್ಟು ಎಂಬುದು ಆಪರೇಟರನ ಮುಂದೆ ಅಂಟಿಸಿರುವ ಲೋಡ್ ಚಾರ್ಟಿನಲ್ಲಿ ಇರುತ್ತದೆ. ತೋಳು ಎಷ್ಟು ಎತ್ತರ, ಎಷ್ಟು ದೂರ, ಆಗ ಎಷ್ಟು ತೂಕ ಎಂದು ಗೆರೆ ಎಳೆದು ತೋರಿಸಿರುತ್ತಾರೆ. ಆ ಚಾರ್ಟು ಹರಿದುಹೋಗಿದ್ದರೆ, ಮಸಿ ಹಿಡಿದು ಓದಲು ಬಾರದಿದ್ದರೆ, ಆ ಯಂತ್ರದಿಂದ ಎತ್ತಕೂಡದು.

ಇನ್ನೊಂದು ಗುಟ್ಟು. ಆ ಚಾರ್ಟನ್ನು ಬರೆದಿರುವುದು ಗಟ್ಟಿಯಾದ, ಸಮವಾದ ನೆಲಕ್ಕೆ. ಯಂತ್ರ ಒಂದು ಕಡೆ ವಾಲಿ ನಿಂತಿದ್ದರೆ ಚಾರ್ಟಿನ ಅಂಕಿಗೆ ಕಿಮ್ಮತ್ತಿಲ್ಲ.

ಎಷ್ಟು ವಾಲಿದರೆ ಎಷ್ಟು ಅಪಾಯ? ಎಡ ಬಲ ಗಾಲಿಗಳ ನಡುವೆ ಆರೂವರೆ ಅಡಿ ಅಂತರ ಇದೆ ಅನ್ನಿ. ಮುಂದಿನ ಒಂದು ಗಾಲಿ ನಾಲ್ಕಿಂಚು ಕುಸಿಯಿತು ಅನ್ನಿ. ವಾಲಿದ್ದು ಬರೀ 3 ಡಿಗ್ರಿ. ಕಣ್ಣಿಗೆ ಕಾಣುವುದೂ ಕಷ್ಟ. ಆದರೆ ಮೂವತ್ತಮೂರು ಅಡಿ ಎತ್ತರದಲ್ಲಿರುವ ಬ್ಲಾಕಿನ ಅಟ್ಟಿ ಅಷ್ಟಕ್ಕೇ ಪಕ್ಕಕ್ಕೆ ಸುಮಾರು ಒಂದೂಮುಕ್ಕಾಲು ಅಡಿ ಸರಿದುಬಿಡುತ್ತದೆ! ಕೆಳಗೆ ನಾಲ್ಕಿಂಚು, ಮೇಲೆ ಒಂದೂಮುಕ್ಕಾಲು ಅಡಿ.

ಅದರ ಮೇಲೆ, ನಾಲ್ಕು ಗಾಲಿ ಇದ್ದರೂ ಯಂತ್ರ ನಿಂತಿರುವುದು ಮೂರು ಕಲ್ಲಿನ ಒಲೆಯ ಹಾಗೆ. ಹಳ್ಳದಿಣ್ಣೆಯಲ್ಲಿ ನಾಲ್ಕೂ ಗಾಲಿ ನೆಲ ಮುಟ್ಟಲಿ ಎಂದು ಹಿಂದಿನ ಆಕ್ಸಲನ್ನು ನಡುವೆ ಒಂದೇ ಕೀಲಿನ ಮೇಲೆ ಕೂರಿಸಿರುತ್ತಾರೆ. ಮುಂದಿನ ಎರಡು ಗಾಲಿ, ಹಿಂದಿನ ಆ ಒಂದು ಕೀಲು, ಈ ಮೂರರ ನಡುವಿನ ತ್ರಿಕೋನದೊಳಗೆ ಒಟ್ಟು ಭಾರ ಬೀಳಬೇಕು. ಆಚೆ ಹೋಯಿತೋ, ಪಲ್ಟಿ.

ಕೀಲಿ ತಿರುಗಿಸುವ ಮುನ್ನ

ಟೀ ಲೋಟ ಕೆಳಗಿಟ್ಟು ಆಪರೇಟರ್ ಎದ್ದ. "ಬನ್ನಿ ಸಾರ್, ನಾನು ದಿನಾ ಬೆಳಿಗ್ಗೆ ಹಾಕೋ ಪ್ರದಕ್ಷಿಣೆ ತೋರಿಸ್ತೀನಿ."

ಮೊದಲು ಗಾಲಿ. ಗಾಳಿ ನಾಲ್ಕರಲ್ಲೂ ಕಂಪನಿ ಹೇಳಿದಷ್ಟು ಇರಬೇಕು. ಒಂದರಲ್ಲಿ ಗಾಳಿ ಕಡಿಮೆಯಾದರೆ ಸಮ ನೆಲದ ಮೇಲೂ ಯಂತ್ರ ವಾಲಿದಂತೆಯೇ. ರಬ್ಬರಿನಲ್ಲಿ ಕೊಯ್ದ ಗಾಯ, ಸಡಿಲವಾದ ನಟ್ಟು, ಎರಡನ್ನೂ ನೋಡಬೇಕು.

ಆಮೇಲೆ ಆ ಕಬ್ಬಿಣದ ನಾಲಿಗೆ, ಅಂದರೆ ಫೋರ್ಕು. ಅದು ಬಾಗುವ ಹಿಮ್ಮಡಿಯ ಜಾಗದಲ್ಲಿ ಕೂದಲಿನಂಥ ಬಿರುಕಾದರೂ ಬಂದಿದೆಯೇ? ಸವೆದು ದಪ್ಪ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಅದರ ಶಕ್ತಿ ಐದರಲ್ಲಿ ಒಂದು ಪಾಲು ಇಳಿದಂತೆ. ಅಂಥದನ್ನು ಗುಜರಿಗೆ ಹಾಕಬೇಕು. ಬೆಸುಗೆ ಹಾಕಿ ಮತ್ತೆ ಬಳಸುವ ಜಾಣತನ ಬೇಡ.

ತೋಳಿನ ಉದ್ದಕ್ಕೂ ಬೆಸುಗೆ, ಪಿನ್ನು, ಒಳಗಿನ ಚೈನು, ತೋಳು ಜಾರುವ ಪಟ್ಟಿಗಳು. ಆಯಿಲ್ ಪೈಪುಗಳಲ್ಲಿ ಸೋರಿಕೆ ಇದೆಯೇ ಎಂದು ಬರಿಗೈಯಲ್ಲಿ ಸವರಿ ನೋಡಬಾರದು. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಇರುವೆ ಕಚ್ಚಿದಂತೆ ಕಂಡರೂ ಕೈ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ರಟ್ಟಿನ ತುಂಡು ಹಿಡಿದು ನೋಡಬೇಕು. ತಗುಲಿದರೆ "ಏನಾಗಲ್ಲ ಬಿಡಿ" ಅನ್ನದೆ ನೇರ ಆಸ್ಪತ್ರೆಗೆ.

ಕೊನೆಗೆ ಒಳಗೆ ಕೂತು ಬ್ರೇಕು, ಹ್ಯಾಂಡ್‌ಬ್ರೇಕು, ಹಾರನ್ನು, ಹಿಂದೆ ಬರುವಾಗ ಕೂಗುವ ಸೈರನ್ನು, ಭಾರ ಹೆಚ್ಚಾದರೆ ಎಚ್ಚರಿಸುವ ದೀಪ, ಸೀಟ್‌ಬೆಲ್ಟು. ಆ ದೀಪವೋ ಸದ್ದೋ ಕಿರಿಕಿರಿ ಎಂದು ತಂತಿ ಕಿತ್ತು ಕೆಲಸ ಮಾಡುವವರೂ ಇದ್ದಾರಂತೆ. ಹೊಗೆ ಬರುತ್ತದೆಂದು ಬೆಂಕಿ ಆರಿಸದೆ ಕಿಟಕಿ ಮುಚ್ಚಿದ ಹಾಗೆ.

ಮಟ್ಟ ಮೊದಲು, ಎತ್ತುವುದು ಆಮೇಲೆ

ಆಪರೇಟರನ ಮುಂದೆ ಗಾರೆಯವರ ರಸಮಟ್ಟದಂಥದೇ ಒಂದು ಗಾಜಿನ ಕೊಳವೆ. ಗುಳ್ಳೆ ನಡುವೆ ನಿಲ್ಲಬೇಕು. ಕೆಲವು ಯಂತ್ರಗಳಲ್ಲಿ ಮೈಯನ್ನೇ ಎಡಬಲಕ್ಕೆ ವಾಲಿಸಿ ಮಟ್ಟ ಮಾಡುವ ಸೌಕರ್ಯವಿದೆ. ಅದನ್ನು ಬಳಸಬೇಕಾದದ್ದು ತೋಳು ಕೆಳಗೆ, ಒಳಗೆ ಇದ್ದಾಗ ಮಾತ್ರ. ತೋಳು ಮೇಲೆತ್ತಿ ಆಮೇಲೆ ಮಟ್ಟ ಸರಿಮಾಡಲು ಹೋಗುವುದೆಂದರೆ ಏಣಿಯ ತುದಿಗೆ ಹತ್ತಿ ಏಣಿಯನ್ನು ಸರಿಸಿದಂತೆ. ಮೇಲೆ ಹೋದ ಮೇಲೆ ವಾಲಿದ್ದು ಕಂಡರೆ ತೋಳನ್ನು ಮೊದಲು ಒಳಕ್ಕೆ ಎಳೆದುಕೊಂಡು, ನಿಧಾನಕ್ಕೆ ಇಳಿಸಿ, ಮತ್ತೆ ಮೊದಲಿಂದ ಶುರು.

ಮುಂದಿನ ಊರುಗಾಲು ಇಳಿಸುವ ಯಂತ್ರವಾದರೆ ಅದರ ಅಡಿಗೆ ದಪ್ಪ ಹಲಗೆ ಇರಲೇಬೇಕು. ಬ್ಲಾಕ್ ಚೂರು, ಒಡೆದ ಟೈಲ್ಸು ಇಟ್ಟು ಸಮಾಧಾನ ಮಾಡಿಕೊಳ್ಳುವುದು ಬೇಡ. ಭಾರ ಬಿದ್ದಾಗ ಅವು ಪುಡಿಯಾಗುತ್ತವೆ.

ಹೊರೆ ಹೊತ್ತು ಸಾಗುವಾಗ ತೋಳು ಪೂರ್ತಿ ಒಳಗೆ, ಹೊರೆ ನೆಲದಿಂದ ಒಂದಡಿ ಒಂದೂವರೆ ಅಡಿ, ಫೋರ್ಕು ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇಳಿಜಾರಿನಲ್ಲಿ ಹೊರೆ ಯಾವಾಗಲೂ ಏರಿನ ಕಡೆ. ಅಂದರೆ ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ. ಖಾಲಿ ಇದ್ದಾಗ ಇದು ತಿರುಗಾ ಮುರುಗಾ, ಫೋರ್ಕು ಇಳಿಜಾರಿನ ಕಡೆ. ಇಳಿಜಾರಿಗೆ ಅಡ್ಡಲಾಗಿ ಓಡಿಸುವುದು, ಇಳಿಜಾರಿನ ನಡುವೆ ತಿರುಗಿಸುವುದು, ಎರಡೂ ಕೂಡದು. ನಾಲ್ಕೂ ಗಾಲಿ ತಿರುಗುವ ಯಂತ್ರ ಇದು. ಒಂದು ಬಗೆಯ ತಿರುವಿನಿಂದ ಇನ್ನೊಂದಕ್ಕೆ ಬದಲಿಸುವ ಮೊದಲು ಗಾಲಿಗಳನ್ನು ನೇರ ಮಾಡಿಕೊಳ್ಳದಿದ್ದರೆ ಹಿಂಭಾಗ ಎತ್ತ ಹೋಗುತ್ತದೋ ದೇವರೇ ಬಲ್ಲ.

ಇನ್ನು ಸನ್ನೆ ಮಾಡುವವನು ಒಬ್ಬನೇ. ನಮ್ಮ ಸೈಟುಗಳಲ್ಲಿ "ಬಾ ಬಾ", "ಲೆಫ್ಟ್ ಲೆಫ್ಟ್", "ಹೋಲ್ಡಾನ್" ಎಂದು ಐದು ಜನ ಕೂಗುತ್ತಾರೆ. ಆಪರೇಟರ್ ಯಾರ ಮಾತು ಕೇಳಬೇಕು? ಒಬ್ಬನ ಸನ್ನೆ ಮಾತ್ರ ಕೇಳಬೇಕು. ಆದರೆ "ನಿಲ್ಲಿಸು" ಎಂದು ಯಾರು ಕೂಗಿದರೂ, ಗಾರೆ ಹೊರುವ ಹೆಣ್ಣುಮಗಳು ಕೂಗಿದರೂ, ನಿಲ್ಲಿಸಬೇಕು. ಎತ್ತಿದ ಹೊರೆಯ ಕೆಳಗೆ ಯಾರೂ ಹಾಯಕೂಡದು. ಫೋರ್ಕಿನ ಮೇಲೆ ಆಳು ನಿಲ್ಲಿಸಿ ಮೇಲಕ್ಕೆ ಕಳಿಸುವ ಚಾಳಿಯಂತೂ ಕೊಲೆಗೆ ಸಮ.

ತಲೆಯ ಮೇಲೆ ತಂತಿ

ನೆಲ ನೋಡಿದ ಮೇಲೆ ಆಕಾಶವನ್ನೂ ನೋಡಬೇಕು. ನಮ್ಮ ಅಡ್ಡರಸ್ತೆಗಳಲ್ಲಿ ಬೆಸ್ಕಾಂ ತಂತಿ ಬಾಲ್ಕನಿಯನ್ನು ಸವರಿಕೊಂಡೇ ಹೋಗಿರುತ್ತದೆ. ಅಮೆರಿಕದ ನಿಯಮ 50,000 ವೋಲ್ಟಿನವರೆಗಿನ ತಂತಿಯಿಂದ ಕ್ರೇನು 10 ಅಡಿ ದೂರವಿರಬೇಕು ಎನ್ನುತ್ತದೆ. ನಮ್ಮ ರಸ್ತೆಗಳ 11,000 ವೋಲ್ಟಿನ ತಂತಿಗೂ ಅಷ್ಟು ದೂರ ಇಟ್ಟುಕೊಂಡರೆ ನಷ್ಟವೇನಿಲ್ಲ. ಸಾಧ್ಯವಿಲ್ಲ ಎಂದಾದರೆ ಲೈನ್ ಆಫ್ ಮಾಡಿಸಿ ಕೆಲಸ ಮಾಡಬೇಕು. ಅಕಸ್ಮಾತ್ ತಗುಲಿದರೆ ಆಪರೇಟರ್ ಒಳಗೇ ಕೂತಿರಬೇಕು, ಹೊರಗಿನವರು ಯಂತ್ರ ಮುಟ್ಟಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಜೋಡಿಗಾಲಲ್ಲಿ ಹಾರಿ, ಪಾದ ಎತ್ತದೆ ಪುಟ್ಟ ಪುಟ್ಟದಾಗಿ ಎಳೆಯುತ್ತಾ ದೂರ ಸರಿಯಬೇಕು.

ಯಂತ್ರವೇ ಮಗುಚುತ್ತಿದ್ದರೆ? ಹಾರಬಾರದು. ಹಾರಿದವನ ಮೇಲೇ ಅದು ಬೀಳುವುದು. ಬೆಲ್ಟ್ ಹಾಕಿಕೊಂಡು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಬೀಳುವ ಕಡೆಗೆ ವಿರುದ್ಧವಾಗಿ ಬಾಗಿ ಕೂತವನಿಗೆ ಕ್ಯಾಬಿನ್ನಿನ ಕಬ್ಬಿಣವೇ ರಕ್ಷೆ.

'ಬೇಡ' ಅನ್ನುವವರ ಪಾಡು

ಇಷ್ಟೆಲ್ಲ ಗೊತ್ತಿರುವ ಆಪರೇಟರ್ ಸಿಕ್ಕರೂ ಅವನಿಗೆ ಬಾಯಿ ಇದೆಯೇ? "ನೀನು ಎತ್ತಲ್ಲ ಅಂದ್ರೆ ಎತ್ತೋನು ಇನ್ನೊಬ್ಬ ಬರ್ತಾನೆ" ಎಂಬ ಒಂದು ಮಾತಿಗೆ ಹಾರೆ ಬಿಸಾಕಿ ಸೀಟು ಹತ್ತುವವರೇ ಹೆಚ್ಚು. ಮನೆಯಲ್ಲಿ ಹೆಂಡತಿ ಮಕ್ಕಳು, ತಿಂಗಳ ಬಾಡಿಗೆ, ಊರಿಗೆ ಕಳಿಸಬೇಕಾದ ದುಡ್ಡು. ಧೈರ್ಯ ಎಲ್ಲಿಂದ ಬರಬೇಕು?

ಕಾನೂನು ಅವನ ಪರವಾಗಿಯೇ ಇದೆ. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲೇ ಕಾಯ್ದೆ ಬಂತು. ಅದೂ ಸೇರಿದಂತೆ 13 ಕಾನೂನುಗಳನ್ನು ಒಟ್ಟುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಪ್ರಾಣಕ್ಕೋ ಮೈಕೈಗೋ ತಕ್ಷಣದ ಅಪಾಯವಿದೆ ಎಂದು ನ್ಯಾಯವಾಗಿ ಅನಿಸಿದರೆ ಕೆಲಸಗಾರ ಅದನ್ನು ಮಾಲೀಕನಿಗೆ ಹೇಳಬಹುದು, ಜೊತೆಗೇ ಇನ್‌ಸ್ಪೆಕ್ಟರ ಗಮನಕ್ಕೂ ತರಬಹುದು, ಅಪಾಯ ನಿಜವಾಗಿದ್ದರೆ ಮಾಲೀಕ ಕೂಡಲೇ ಸರಿಪಡಿಸಬೇಕು ಎಂದು ಅದರಲ್ಲಿ ಬರೆದಿದೆ. ಆದರೆ ಗಲ್ಲಿಯೊಳಗಿನ ಸೈಟಿಗೆ ಆ ಮಾತು ತಲುಪಿಸುವವರು ಯಾರು? ಅಧಿಕಾರಿಗಳು ಸೈಟಿಗೆ ಬರುವುದು ಬಿದ್ದ ಮೇಲೆಯೋ, ಬೀಳುವ ಮೊದಲೋ? ಸಂಬಂಧಪಟ್ಟವರು ಉತ್ತರಿಸಲಿ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಸಂಪು ಎಲ್ಲಿದೆ, ಪೈಪಿಗೆ ತೋಡಿದ್ದು ಎಲ್ಲಿ, ಹಳೆಯ ಬಾವಿ ಮುಚ್ಚಿದ್ದು ಎಲ್ಲಿ ಎಂಬುದು ಬಾಡಿಗೆಗೆ ಬಂದ ಆಪರೇಟರಿಗೆ ಕನಸಿನಲ್ಲಿ ಕಾಣುವುದಿಲ್ಲ. ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದು ತೋರಿಸಿದರೆ ಖರ್ಚು ಹತ್ತು ರೂಪಾಯಿಯೂ ಆಗದು. ಮತ್ತೆ ಅವನು ನೆಲಕ್ಕೆ ಹಾರೆ ಚುಚ್ಚುತ್ತಾ ನಡೆದರೆ ಗಂಟೆ ಲೆಕ್ಕ ಹೇಳಬೇಡಿ.

ಅಂದು ಸಂಜೆ ನಾಲ್ಕಕ್ಕೆ ಮಳೆ ಹೊಡೆಯಿತು. ಬೆಂಗಳೂರಿನ ಮಳೆ ಗೊತ್ತಲ್ಲ, ಅರ್ಧ ಗಂಟೆಯಲ್ಲಿ ರಸ್ತೆಯೆಲ್ಲ ಹೊಳೆ. ಮಾರನೆಯ ಬೆಳಿಗ್ಗೆ ನಾವು ಅದೇ ದಾರಿಯಲ್ಲಿ ಹೋದೆವು. ಕಾಂಪೌಂಡಿನ ಪಕ್ಕ, ಯಂತ್ರ ಮೊದಲು ನಿಲ್ಲಬೇಕಾಗಿದ್ದ ಜಾಗದಲ್ಲಿ, ನೆಲ ಉದ್ದಕ್ಕೆ ಒಂದು ಗೇಣು ಕುಸಿದು ಕೆಂಪು ನೀರು ನಿಂತಿತ್ತು. ಕಂಟ್ರಾಕ್ಟರ್ ಅದನ್ನೇ ನೋಡುತ್ತಾ ನಿಂತಿದ್ದರು.

ನಮ್ಮನ್ನು ಕಂಡು ಏನೂ ಹೇಳಲಿಲ್ಲ. ಒಂದು ನಿಮಿಷ ಬಿಟ್ಟು ಹುಡುಗನನ್ನು ಕೂಗಿದರು. "ಲೋ, ಆಪರೇಟರ್‌ಗೆ ಆ ಹಾರೆ ತಂದುಕೊಡೋ. ಇವತ್ತೂ ಒಂದು ಸುತ್ತು ನೋಡ್ಲಿ."